ಮಾಳಿಗೆಯ ಮಣ್ಣು

ಯಾದಗಿರಿ, ಶಹಾಪುರ, ಸುರಪುರದ ಇಂಜಿನಿಯರುಗಳು, ಗುತ್ತಿಗೆದಾರರು ಸೇರಿ ಕಟ್ಟಿಕೊಂಡ ಬಳಗಕ್ಕೆ ಹಸಿರು ಕಟ್ಟಡದ ಹುಚ್ಚು ಹತ್ತಿತ್ತು. ಶಹಾಪುರದಲ್ಲಿ ಬಳಗದ ಸಭಾಭವನ ತಗಡಿನದು. ಅದರ ಕೆಳಗೆ ಕೂತು, ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಳ್ಳುತ್ತ, ಅವರು ತಂಪು ಮನೆಗಳ ಕುರಿತು ಭಾಷಣ ಕೇಳುತ್ತಿದ್ದರು. ಬಳಗಕ್ಕೊಂದು ಸುದ್ದಿಪತ್ರವೂ ಇತ್ತು. ಮಳೆನೀರು ಹಿಡಿಯುವುದು, ಬಿಸಿಲಿನಿಂದ ದೀಪ ಹಚ್ಚುವುದು ಅಂತ ಒಬ್ಬೊಬ್ಬರು ಬರೆಯುತ್ತಿದ್ದರು. ಹಾಗೇ ಒಮ್ಮೆ ಸರದಿ ದೇವಕಮ್ಮನಿಗೆ ಬಂತು.

ದೇವಕಮ್ಮ ಸುರಪುರದಲ್ಲಿ ಸಹಾಯಕ ಇಂಜಿನಿಯರು, ರಂಗಂಪೇಟೆಯಲ್ಲಿ ಬಾಡಿಗೆ ಮನೆ. ಹುಟ್ಟಿದ್ದು ಕಕ್ಕೇರಾ ದಾರಿಯ ಒಂದು ಹಳ್ಳಿಯ ಹೊರಗಿನ ಕೇರಿಯಲ್ಲಿ. ತಾಯಿ ಸತ್ತ ಮೇಲೆ ಚಿಗವ್ವ ಬಸ್ಸಮ್ಮ ಸಾಕಿದಳು. ದೇವಕಮ್ಮ ಆ ಕೇರಿಯ, ಮಣ್ಣು ಹೊದಿಸಿದ ಮಟ್ಟಸ ಚಾವಣಿಯ ಮಾಳಿಗೆ ಮನೆಗಳ ಬಗ್ಗೆಯೇ ಬರೆದಳು. ಹೊರಗೆ ಬಿಸಿಲು ಬೆಂಕಿಯಾಗಿದ್ದರೂ ಒಳಗೆ ಗಡಿಗೆಯ ಹೊಟ್ಟೆಯಂಥ ತಂಪು. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಮಾಳಿಗೆಯ ಮೇಲೆ ಸವುಳು ಎಂಬ ಉಪ್ಪುಮಣ್ಣು ಹರಡಿ ತುಳಿದರೆ ಒಂದು ಹನಿಯೂ ಒಳಗಿಳಿಯದು. ಓದಿದವರೆಲ್ಲ ಭೇಷ್ ಅಂದರು.

ಆ ಭೇಷ್‌ಗಿರಿಯೇ ಉರುಳಾಯಿತು. ಕೇರಿಗೆ ಸಿಮೆಂಟಿನ ಛತ್ತು ಹಾಕಿದ ಆರ್‌ಸಿಸಿ ಮನೆಗಳು ಮಂಜೂರಾಗಿದ್ದವು. ಬರಹ ಓದಿದ ಮೇಲಧಿಕಾರಿಗಳು, ಮಣ್ಣಿನ ಮನೆ ಇಷ್ಟು ಚೆಂದವಿದ್ದರೆ ಸಿಮೆಂಟು ಏಕೆ, ಇದ್ದಂತೆಯೇ ಮಾದರಿ ಹಸಿರು ಕೇರಿ ಮಾಡಬಾರದೇಕೆ ಎಂದು ಬಳಗದ ಅಭಿಪ್ರಾಯ ಕೇಳಿದರು. ಭಾನುವಾರ ಹೋಗಿ ನೋಡಿ, ಅಲ್ಲೇ ತೀರ್ಮಾನಿಸುವುದೆಂದಾಯಿತು.

ಸುದ್ದಿ ಕೇಳಿ ಬಸ್ಸಮ್ಮ ಫೋನ್ ಮಾಡಿದಳು. "ಇಂಜಿನೇರ್ ಮಂದಿ ಬರಾಕತ್ತಾರಂತಲ್ಲ ದೇವಕಿ. ನಮ್ಮ ಛತ್ತಿನ ಅಳತಿ ತಗೊಳ್ಳಾಕೇನು?"

"ಮನಿ ನೋಡಾಕ ಬರ್ತಾರ, ಚಿಗವ್ವ."

"ನೋಡಿದ ಮ್ಯಾಲ ಹಾಕ್ತಾರಲ್ಲ ಛತ್ತು?"

ದೇವಕಮ್ಮ, ಸಿಗ್ನಲ್ ಸರಿಯಿಲ್ಲ ಅಂದು ಫೋನಿಟ್ಟಳು.

ಭಾನುವಾರ ಬಸ್ಸಿನಿಂದಿಳಿದ ಬಳಗ ಕೇರಿಯ ಬಾಯಲ್ಲೇ ನಿಂತುಬಿಟ್ಟಿತು. ಮುಂದಿನ ಗೋಡೆಗಳಿಗೆಲ್ಲ ಹಸಿ ಸಿಮೆಂಟು ಗಿಲಾವು, ಅದರ ಮೇಲೆ ಆಕಾಶನೀಲಿ ಬಣ್ಣ. ಕ್ಯಾಮೆರಾ ತೆಗೆದಿದ್ದ ಗುತ್ತಿಗೆದಾರ ಲಾಲಪ್ಪ ಅದನ್ನು ಮತ್ತೆ ಚೀಲಕ್ಕಿಟ್ಟ.

"ಮೇಡಂ, ನೀವು ಬರದಿದ್ದ ಮಣ್ಣು ಎಲ್ಲಿ ಹೋತ್ರಿ?"

"ಒಳಗದ್ರಿ," ಬಸ್ಸಮ್ಮ ಸೆರಗು ಸರಿಪಡಿಸಿಕೊಳ್ಳುತ್ತ ಬಂದಳು. "ಓದಿದ ಮಂದಿ ಬರ್ತಾರಂದ್ರ ಗ್ವಾಡಿ ಬರೇ ಮೈಲೆ ನಿಂದರಬೇಕೇನ್ರಿ? ಅದಕ್ಕ ಅಂಗಿ ತೊಡಿಸೀವಿ."

"ಮೊದಲ ಮಳಿಗೆ ಬಿಚ್ಚಿ ಬೀಳ್ತದ ಆ ಅಂಗಿ."

"ಬೀಳಲಿ. ನೀವು ಇದ್ದಾಗ ಬೀಳಬಾರದು ನೋಡ್ರಿ."

ಅಧ್ಯಕ್ಷ ಶಾಂತಪ್ಪ ನಕ್ಕರು. ನಿವೃತ್ತ ಇಂಜಿನಿಯರು, ಒಳ್ಳೆಯ ಮನುಷ್ಯ. ತಲೆ ಬಗ್ಗಿಸಿ ಒಳಗೆ ಹೋದವರು ಕಂಬಕ್ಕೆ ಬೆನ್ನು ಕೊಟ್ಟು ಕೂತು, ಚಹಾ ಕುಡಿದು, ಏಳಲಾರದವರ ಹಾಗೆ ಕೂತೇ ಇದ್ದರು.

"ಎಂಥಾ ತಂಪು ಅದ ಯವ್ವಾ. ಇದನ್ನ ಕೆಡವಿ ಛತ್ತು ಹಾಕಿಸಿಕೊಂಡ್ರ ಹಂಚಿನ ಮ್ಯಾಲಿನ ರೊಟ್ಟಿ ಆಗ್ತೀರಿ ನೀವು."

"ಆಗ್ತೀವ್ರಿ. ಆದ್ರೂ ಬೇಕ್ರಿ."

"ಯಾಕ?"

ಬಸ್ಸಮ್ಮ ಸಾಕುಮಗಳ ಕಡೆ ನೋಡಿದಳು. "ಯಾಕಂತ ನಮ್ಮ ದೇವಕಿ ಬರದಿಲ್ಲೇನ್ರಿ?"

ದೇವಕಮ್ಮ ಚಹಾದ ಕಪ್ಪಿನೊಳಗೆ ನೋಡುತ್ತ ಕೂತಳು. ಬರೆದಿರಲಿಲ್ಲ. ಇಸ್ತ್ರಿ ಅಂಗಿಗಳ ನಡುವೆ ತಾನೂ ಇಸ್ತ್ರಿಯಾಗಿ ಕೂರುವ ಆಸೆಗೆ, ತಂಪನ್ನಷ್ಟೇ ಬರೆದು ತಂಪಿನ ಬೆಲೆಯನ್ನು ಬಿಟ್ಟಿದ್ದಳು.

ಶಾಂತಪ್ಪನವರಿಗೆ ಅದು ತಿಳಿಯಲಿಲ್ಲ. ಉತ್ಸಾಹದಿಂದ ಎದ್ದರು. "ಒಂದು ಕೆಲಸ ಮಾಡೋಣ. ಇವತ್ತು ಬಳಗದವರೇ ಈ ಮಾಳಗಿಗೆ ಮಣ್ಣು ಹಾಕೋಣ. ಸುದ್ದಿಪತ್ರಕ್ಕ ಫೋಟೋನೂ ಆಗ್ತದ. ಮಣ್ಣು ಎಲ್ಲಿ ಸಿಗ್ತದ್ರಿ?"

ಬಾಗಿಲಲ್ಲಿ ನೆರೆದಿದ್ದ ಕೇರಿಯ ಹೆಂಗಸರು ಮುಖ ಮುಖ ನೋಡಿಕೊಂಡರು. ಪಕ್ಕದ ಮನೆಯ ದುರಗಮ್ಮ "ಇವತ್ತು ಬ್ಯಾಡ್ರಿ" ಅಂದಳು.

ದೇವಕಮ್ಮ ಕಪ್ಪು ಕೆಳಗಿಟ್ಟು ಮೂಲೆಯ ಎರಡು ಬುಟ್ಟಿ ಎತ್ತಿಕೊಂಡಳು. "ಬರ್ರಿ ಸರ. ತೋರಸ್ತೀನಿ."

ಸವುಳು ನೆಲ ಕಾಲುವೆಯ ಏರಿಯ ಕೆಳಗಿತ್ತು. ಕಾಲುವೆ ಬರುವ ಮುಂಚೆ ಅದು ಯಾರಿಗೂ ಬೇಡದ ನೆಲ; ಕೇರಿಯವರು ಬೇಕಾದಷ್ಟು ಅಗೆದು ತರುತ್ತಿದ್ದರು. ಕೃಷ್ಣೆಯ ನೀರು ಬಂದದ್ದೇ ತಡ, ಗೇಣು ನೆಲಕ್ಕೂ ಒಡೆಯ ಹುಟ್ಟಿದ. ಸುತ್ತಲೂ ಭತ್ತ ಬಂತು. ನೀರು ಕೇರಿಗೆ ಬರಲಿಲ್ಲ, ಕೇರಿಯ ಮಣ್ಣು ಮಾತ್ರ ಹೋಯಿತು.

ಈಗ ಆ ನೆಲದ ಒಡೆಯನಾದ ಸಾಹುಕಾರ ಏರಿಯ ಮೇಲೆ ಮೋಟಾರ್ ಸೈಕಲ್ ನಿಲ್ಲಿಸಿಕೊಂಡು ಗದ್ದೆಗೆ ನೀರು ಬಿಡಿಸುತ್ತಿದ್ದ. ಶಾಂತಪ್ಪನವರನ್ನು ಕಂಡು ಇಳಿದುಬಂದು ಕೈ ಮುಗಿದ.

"ಮಣ್ಣೇನ್ರಿ ಸಾಹೇಬ್ರ? ತಗೋರಿ. ಬೇಕಾದ್ರ ಟ್ರ್ಯಾಕ್ಟರ್‌ನ್ಯಾಗ ಕಳಸ್ತೀನಿ. ಮಣ್ಣಿಂದೇನದ."

ಶಾಂತಪ್ಪ ಸಂತೋಷದಿಂದ ಬುಟ್ಟಿ ತುಂಬಿಕೊಂಡರು. ಪಕ್ಕದಲ್ಲಿ ದೇವಕಮ್ಮನೂ ಬಗ್ಗಿ ತನ್ನ ಬುಟ್ಟಿ ತುಂಬಿದಳು. ಸಾಹುಕಾರ ಅವಳನ್ನೇ ದಿಟ್ಟಿಸಿದ.

"ನೀ ಕೇರಿ ಬಸ್ಸಿ ಸಾಕಿದ ಹುಡುಗಿ ಅಲ್ಲೇನು? ಭಾಳ ಓದೀದಿ ಬಿಡವಾ. ಆದ್ರ ಕೇರಿ ಲೆಕ್ಕ ಬ್ಯಾರೆ ಅದ. ನಾಟಿ ಹತ್ತಿರ ಬಂದದ, ನಿಮ್ಮ ಚಿಗವ್ವಗ ಹೇಳು."

"ಏನಂತ ಹೇಳಬೇಕ್ರಿ?" ಶಾಂತಪ್ಪ ಕೇಳಿದರು.

"ಮಣ್ಣು ಒಯ್ದ ಮನ್ಯಾಗಿಂದ ಒಂದು ಹೆಣ್ಣಾಳು ಬರಬೇಕ್ರಿ, ನಾಟಿ ಮುಗಿಯೂತನ."

"ಕೂಲಿ?"

"ಎಂಥಾ ಕೂಲಿ ಸಾಹೇಬ್ರ. ಮಣ್ಣು ಒಯ್ದಾರಲ್ಲ."

ಅವನ ದನಿಯಲ್ಲಿ ಕೇಡು ಇರಲಿಲ್ಲ. ಲೋಕದ ರೀತಿ ಹೇಳುವವನ ಹಾಗೆ ಹೇಳಿದ. ಅದೇ ಹೆಚ್ಚು ಸುಟ್ಟಿತು.

ಶಾಂತಪ್ಪ ತಮ್ಮ ಬುಟ್ಟಿಯನ್ನು ನೋಡಿದರು, ಅವಳದನ್ನು ನೋಡಿದರು. ಒಂದೇ ಮಣ್ಣು.

"ನಾನೂ ನಟ್ಟೀನಿ ಸರ, ಇದೇ ಗದ್ಯಾಗ," ದೇವಕಮ್ಮ ಅಂದಳು. "ಸಾಲಿ ಬಿಟ್ಟು ಬಂದು ಮಾಳಗಿ ಸಲುವಾಗಿ ನಟ್ಟೀನಿ. ತಂಪು ಅಂತ ಬರದೆ. ಇದನ್ನ ಬರೀಲಿಲ್ಲ."

ಶಾಂತಪ್ಪ ತಮ್ಮ ಬುಟ್ಟಿಯನ್ನು ಬೋರಲು ಹಾಕಿ, ಕೊಡವಿ, ಕಂಕುಳಲ್ಲಿಟ್ಟುಕೊಂಡು ಏರಿ ಹತ್ತಿದರು. ದೇವಕಮ್ಮ ತನ್ನದನ್ನೂ ಅಲ್ಲೇ ಸುರುವಿದಳು. ಸಾಹುಕಾರ ಹಿಂದಿನಿಂದ "ಯಾಕ್ರಿ, ಏನಾತ್ರಿ?" ಅಂತ ಕೂಗುತ್ತಲೇ ಇದ್ದ.

ಕೇರಿಯ ಬೇವಿನ ನೆರಳಲ್ಲಿ ಬಳಗ ಕೂತಿತು. ಶಾಂತಪ್ಪ ನಡೆದದ್ದನ್ನು ಹೇಳಿ, "ಮಂಜೂರಾದ ಛತ್ತು ತಡೀಬ್ಯಾಡ್ರಿ ಅಂತ ನಮ್ಮ ಅಭಿಪ್ರಾಯ ಕಳಸೋಣ" ಅಂದರು.

"ಹಂಗಾದ್ರ ನಮ್ಮ ಹಸಿರಿನ ಗತಿ ಏನ್ರಿ ಸರ?" ಲಾಲಪ್ಪನಿಗೆ ನಿಜವಾಗಿಯೂ ಬೇಸರವಾಗಿತ್ತು.

ದೇವಕಮ್ಮ ಅವನ ಕಡೆ ತಿರುಗಿದಳು. "ಮೊದಲು ನಮ್ಮ ಸಭಾಭವನದ ತಗಡು ತಗದು ಮಣ್ಣಿನ ಮಾಳಗಿ ಮಾಡೋಣ್ರಿ ಲಾಲಪ್ಪನವರ. ನಿಮಗ ಮಣ್ಣು ಪುಕ್ಕಟ ಸಿಗ್ತದ. ಈ ಮನಿಗಳಿಗೆ ಎದುರುಬದುರು ಕಿಟಕಿ, ಛತ್ತಿನ ಮ್ಯಾಲ ಸುಣ್ಣ. ಅದರ ನಕ್ಷೆ ನಾ ಹಾಕ್ತೀನಿ, ಇವರನ್ನ ಕೇಳಿ ಹಾಕ್ತೀನಿ."

ಒಬ್ಬೊಬ್ಬರಾಗಿ ಕೈ ಎತ್ತಿದರು. ಲಾಲಪ್ಪ ಕೊನೆಗೆ ಎತ್ತಿದ, ಆದರೂ ಎತ್ತಿದ.

ಬಸ್ಸು ಹೊರಡುವ ಮುಂಚೆ ಬಸ್ಸಮ್ಮ ದೇವಕಮ್ಮನ ಕೈಗಂಟಿದ ಮಣ್ಣಿಗೆ ತಂಬಿಗೆಯಿಂದ ನೀರು ಹಾಕಿದಳು.

"ಛತ್ತು ಬಿಸಿಲಿಗೆ ಕಾಯ್ತದ, ಚಿಗವ್ವ. ನಾ ಏನು ಮಾಡಿದ್ರೂ ಇಷ್ಟು ತಂಪು ಬರೂದಿಲ್ಲ."

"ಕಾಯಲಿ ಬಿಡು," ಬಸ್ಸಮ್ಮ ಅಂದಳು. "ಅಂಗಳದಾಗ ಹಾಸಿಗಿ ಹಾಸ್ತೀನಿ. ಇಷ್ಟು ವರ್ಷ ಸಾಹುಕಾರನ ಹೊಲದ ಮಣ್ಣಿನ ಬುಡಕ ಮಲಗಿದ್ದೆ."