ಖಾಲಿ ಕರಡಿಗೆ

ಬೆಳಗಿನ ಐದೂವರೆಗೆ ನನ್ನ ಮಾವ ಸೋಮಲಿಂಗಪ್ಪನವರು ಪೂಜೆಗೆ ಕೂತರು. ಎಂದಿನಂತೆ ನಾನು ಪಕ್ಕದ ಮನೆಯ ಕಡೆಗಿನ ಕಿಟಕಿಯ ಪರದೆ ಎಳೆದು ಮುಚ್ಚಿದೆ. ಅವರು ಕೊರಳಿನ ಬೆಳ್ಳಿ ಕರಡಿಗೆಯನ್ನು ನನ್ನ ಕೈಗೆ ಕೊಟ್ಟರು. ಅದರ ಮುಚ್ಚಳ ಬಹಳ ಬಿಗಿ, ಅವರ ಬೆರಳುಗಳಲ್ಲಿ ಈಗ ಅಷ್ಟು ಕಸುವಿಲ್ಲ. ಅತ್ತೆ ಇದ್ದಾಗ ಅವರು ತೆಗೆದುಕೊಡುತ್ತಿದ್ದರು. ಅವರು ತೀರಿಕೊಂಡು ಮಾವ ನಮ್ಮಲ್ಲಿಗೆ, ಅಮೆರಿಕದ ಇಸ್ಸಾಕ್ವಾಕ್ಕೆ ಬಂದ ಮೇಲೆ ಮೂರು ವರ್ಷದಿಂದ ಅದು ನನ್ನ ಕೆಲಸ. ಪೂಜೆಗೆ ಮೊದಲು ತಿರುವಿ ತೆಗೆಯುವುದು, ಪೂಜೆ ಮುಗಿದ ಮೇಲೆ ಅವರು ಬಟ್ಟೆಯಲ್ಲಿ ಸುತ್ತಿ ಕೊಟ್ಟ ಇಷ್ಟಲಿಂಗವನ್ನು ಒಳಗಿಟ್ಟು, ಮುಚ್ಚಿ, ಅವರ ಕೊರಳಿಗೆ ಹಾಕುವುದು. ಅವತ್ತೂ ತಿರುವಿದೆ. ಒಳಗೆ ಏನೂ ಇರಲಿಲ್ಲ.

ಅದು ಎಲ್ಲಿದೆ ಎಂದು ನನಗೆ ಆ ಕ್ಷಣದಲ್ಲೇ ಹೊಳೆದಿತ್ತು. ಇಂಗ್ಲೆಂಡಿನ ಒಂದು ಸಂತೆಯ ಊರಿನಲ್ಲಿ, ಸಾವಿರದ ಮುನ್ನೂರು ವರ್ಷ ಹಳೆಯ ಚರ್ಚಿನ ನೆಲಮಾಳಿಗೆಯಲ್ಲಿ, ಗೋಡೆಯ ಗೂಡಿನೊಳಗೆ. ಇಟ್ಟವಳು ನಾನೇ. ಆದರೂ ಬಾಯಿ ಬಿಡಲಿಲ್ಲ. ನಾನು ಹುಟ್ಟು ಪುಕ್ಕಲು. ಹೆದರಿದಾಗ ಮೊದಲು ಹೋಗುವುದು ನನ್ನ ನಾಲಿಗೆ.

ಮಾವ ಖಾಲಿ ಕರಡಿಗೆಯನ್ನು ಬೆರಳಿನಿಂದ ತಡವಿ ನೋಡಿದರು. ನಿನ್ನೆ ನೀನೇ ಅಲ್ಲವೇ ಒಳಗಿಟ್ಟು ಹಾಕಿದ್ದು ಎಂದು ಕೇಳಿದರು. ನಾನು ತಲೆಯಾಡಿಸಿದೆ.

"ಹಂಗಾದ್ರ ಅದ ನನ್ನ ಬಿಟ್ಟ ಹೋತವಾ," ಎಂದರು. "ನನ್ನ ಟೈಮ್ ಮುಗೀತು ಅಂತ ತಿಳಕೋಬೇಕು."

ಎದ್ದು ಹೋಗಿ ಹಾಲ್‌ನ ಕುರ್ಚಿಯಲ್ಲಿ ಕೂತರು. ಚಹಾ ತಂದರೆ ಬೇಡವೆಂದರು. ನೀರೂ ಬೇಡವೆಂದರು. ಲಿಂಗ ಮೈಮೇಲಿಲ್ಲದೆ ನೀರು ಸಹ ಮುಟ್ಟಬಾರದೆಂದು ಅವರು ತಾಯಿಯಿಂದ ಕಲಿತವರು. ಅವರ ಸೋದರತ್ತೆ ಒಮ್ಮೆ ಮಲಪ್ರಭೆಯಲ್ಲಿ ಮೀಯುವಾಗ ಲಿಂಗ ಕಳೆದುಕೊಂಡು, ಮುಳುಗುಗಾರರು ಹುಡುಕಿ ಕೊಡುವವರೆಗೆ ಎರಡು ದಿನ ದಂಡೆಯ ಮೇಲೆ ಹನಿ ನೀರಿಲ್ಲದೆ ಕೂತಿದ್ದರಂತೆ. ಈ ಕತೆಯನ್ನು ನಾನು ಎಷ್ಟೋ ಸಲ ಕೇಳಿ ಒಳಗೊಳಗೆ ನಕ್ಕಿದ್ದೆ. ಆ ಸೋದರತ್ತೆಗೆ ಸಕ್ಕರೆ ಕಾಯಿಲೆ ಇರಲಿಲ್ಲ. ಮಾವ ರಾತ್ರಿ ಇನ್ಸುಲಿನ್ ಚುಚ್ಚಿಕೊಂಡು ಮಲಗಿದ್ದರು. ಅದು ಇಡೀ ದಿನ ಕೆಲಸ ಮಾಡುವ ಮದ್ದು. ಉಂಡರೂ ಉಣ್ಣದಿದ್ದರೂ ಅದು ತನ್ನ ಪಾಡಿಗೆ ಸಕ್ಕರೆ ಇಳಿಸುತ್ತಲೇ ಹೋಗುತ್ತದೆ.

ಅವರ ತೋಳಿನ ಮೇಲೆ ಅಂಟಿಸಿದ ಸೆನ್ಸರ್ ನನ್ನ ಫೋನಿಗೆ ಸಕ್ಕರೆಯ ಅಂಕಿ ಕಳಿಸುತ್ತದೆ. ಎಪ್ಪತ್ತಕ್ಕಿಂತ ಕೆಳಗಿಳಿದರೆ ಅಪಾಯ. ಆಗ ತೊಂಬತ್ತಾರು ಇತ್ತು. ಪಕ್ಕದಲ್ಲಿ ಕೆಳಮುಖದ ಬಾಣ.

ಹಿಂದಿನ ದಿನ ಏನಾಯಿತೆಂದರೆ, ನನ್ನ ಗಂಡ ಮಹೇಶ ನಮ್ಮೂರ ಹತ್ತಿರದ ರೆಂಟನ್ನಿನ ವಿಮಾನ ಕಾರ್ಖಾನೆಯ ಕೆಲಸದ ಮೇಲೆ ವಾರದ ಮಟ್ಟಿಗೆ ಇಂಗ್ಲೆಂಡಿಗೆ ಹೋಗಿದ್ದ, ಜೊತೆಗೆ ನಮ್ಮನ್ನೂ ಕರೆದೊಯ್ದಿದ್ದ. ಕೊನೆಯ ದಿನ ಲಂಡನ್ನಿನಿಂದ ವಿಮಾನ ಹತ್ತುವ ಮೊದಲು ದಾರಿಯಲ್ಲಿ ಎಲ್ಮ್‌ಬರಿ ಎಂಬ ಊರಿನ ಚರ್ಚು ನೋಡಬೇಕೆಂದು ಹಟ ಹಿಡಿದವರು ಮಾವ. ನೀರಾವರಿ ಇಲಾಖೆಯಲ್ಲಿ ಓವರ್‌ಸಿಯರ್ ಆಗಿದ್ದವರು, ಕಲ್ಲು ಕಂಡರೆ ಪ್ರಾಣ. ಅವತ್ತು ನಸುಕಿನಲ್ಲೇ ಹೋಟೆಲಿನಲ್ಲಿ ಬೆಂಕಿಯ ಗಂಟೆ ಹೊಡೆದು ಎಲ್ಲರನ್ನೂ ಹೊರಗೆ ಹಾಕಿದ್ದರಿಂದ ಅವರ ಪೂಜೆ ನಿಂತಿತ್ತು. ಪೂಜೆಯಿಲ್ಲದೆ ತಿಂಡಿಯಿಲ್ಲ.

ಊರು ಚಿಕ್ಕದು. ಗುರುವಾರದ ಸಂತೆ ಚೌಕದ ತುಂಬ ಹರಡಿತ್ತು. ಚೀಸಿನ ಗಾಡಿ, ಉಣ್ಣೆಯ ಸಾಕ್ಸು, ಕುಂಡದ ಹೂಗಿಡ, ಮಂಜುಗಡ್ಡೆಯ ಮೇಲೆ ಕಣ್ಣು ಬಿಟ್ಟು ಮಲಗಿದ ಮೀನು. ಮಾವ ಮೂಗು ಮುಚ್ಚಿಕೊಂಡು ದಾಟಿದರು. ಮಹೇಶ ಕಾರಿನಲ್ಲೇ ಉಳಿದು ಮೀಟಿಂಗಿನಲ್ಲಿ ಮಾತಾಡುತ್ತಿದ್ದ. ಚೌಕದಲ್ಲಿ ಒಂದು ಗಂಟೆ ಮಾತ್ರ ನಿಲ್ಲಿಸಬಹುದು, ತಡವಾದರೆ ದಂಡ ಎಂದು ಎರಡು ಸಲ ಹೇಳಿದ.

ಚರ್ಚು ನಾನು ನೆನೆಸಿದಂತೆ ಎತ್ತರದ್ದಲ್ಲ. ಗಿಡ್ಡ, ದಪ್ಪ ಗೋಡೆ, ಮುಷ್ಟಿಯಗಲದ ಕಿಟಕಿಗಳು. ಮಾವ ಹೊರಗಿನ ಮೂಲೆಗಲ್ಲುಗಳನ್ನು ಮುಟ್ಟಿ ಮುಟ್ಟಿ ನೋಡಿದರು. ಒಂದು ಉದ್ದಕ್ಕೆ ನಿಲ್ಲಿಸಿದ್ದು, ಅದರ ಮೇಲೊಂದು ಅಡ್ಡ ಮಲಗಿಸಿದ್ದು, ಮತ್ತೆ ಉದ್ದಕ್ಕೆ. ಅಲ್ಲಿ ಐಹೊಳೆಯ ಗುಡಿ ಕಟ್ಟುವ ಕಾಲಕ್ಕೆ ಇಲ್ಲಿ ಇವರೂ ಕಲ್ಲು ಕಡಿಯುತ್ತಿದ್ದರೆಂದು ನನಗೆ ಹೇಳಿದರು, ತಾವೇ ನಿಂತು ಕೆಲಸ ಮಾಡಿಸಿದವರ ಹಾಗೆ.

ಒಳಗೆ ಹದಿಮೂರು ಮೆಟ್ಟಿಲು ಇಳಿದರೆ ನೆಲಮಾಳಿಗೆ. ಅಲ್ಲಿ ಹಿಂದೆ ರಾಜರ ಎಲುಬುಗಳನ್ನು ಇಡುತ್ತಿದ್ದರಂತೆ. ಮೆಟ್ಟಿಲು ಸವೆದು ನಡುವೆ ಹಳ್ಳ ಬಿದ್ದಿದ್ದವು. ತಲೆಗೆ ತಾಗುವ ಕಮಾನು, ನಾಲ್ಕು ಕಂಬ, ಒಂದು ಮಂಕು ದೀಪ. ನನಗೆ ಮೊದಲ ಮೆಟ್ಟಿಲಿನಲ್ಲೇ ಉಸಿರು ಕಟ್ಟಿತು. ಮಾವನಿಗೆ ಅದು ಗರ್ಭಗುಡಿಯಂತೆ ಕಂಡಿತು. ಬೂಟು ಬಿಚ್ಚಿ ಮೂಲೆಗಿಟ್ಟು, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಕರಡಿಗೆ ತೆಗೆ ಎಂದು ಕೈ ಚಾಚಿದರು. ಇಲ್ಲಿ ಬೇಡವೆಂದು ನಾನು ಅಂಗಲಾಚಿದೆ. ಇವರ ದೇವರಿಗೆ ಏನಾದರೂ ಅಂದುಕೊಂಡಾರು, ಯಾರಾದರೂ ಬಂದು ಬೈದಾರು ಎಂದೆ. ದೇವರಿರುವ ಜಾಗದಲ್ಲಿ ದೇವರನ್ನು ನೆನೆದರೆ ಬೈಯುವವರು ಯಾರು ಎಂದು ಅವರು ಲಿಂಗವನ್ನು ಎಡಗೈಯಲ್ಲಿಟ್ಟುಕೊಂಡು ದೃಷ್ಟಿ ನೆಟ್ಟರು. ಕಾಲು ಗಂಟೆ ಕದಲಲಿಲ್ಲ. ನಾನು ಕಂಬಕ್ಕೆ ಆತು ನಿಂತು ಬೆವರಿದೆ.

ಅವರು ಮುಗಿಸಿ, ಸುತ್ತಿದ ಲಿಂಗವನ್ನು ನನ್ನ ಕೈಗೆ ಕೊಟ್ಟರು. ಆಗಲೇ ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳ. ಬೂದು ಕೋಟಿನ ಒಬ್ಬ ಮುದುಕಿ, ಎದೆಯ ಮೇಲೆ ಚರ್ಚಿನ ಬಿಲ್ಲೆ, ಕೆಳಗಿಳಿಯುತ್ತಿದ್ದಳು. ಕೈಯಲ್ಲಿದ್ದುದನ್ನು ಹಿಂದಿನ ಗೋಡೆಯ ಗೂಡಿಗೆ ತುರುಕಿದೆ, ಕರಡಿಗೆಯನ್ನು ಬೆನ್ನ ಹಿಂದೆಯೇ ತಿರುವಿ ಮುಚ್ಚಿ ಮಾವನ ಕೊರಳಿಗೆ ಹಾಕಿದೆ, ಬೂಟು ಹಾಕಿಸಿ ರಟ್ಟೆ ಹಿಡಿದು ಎಬ್ಬಿಸಿದೆ. ಮುದುಕಿ ಏನೋ ಹೇಳಲು ಬಾಯಿ ತೆರೆದಳು. ನಾನು ಸಾರಿ ಸಾರಿ ಎನ್ನುತ್ತ ಮಾವನನ್ನು ಎಳೆದುಕೊಂಡೇ ಮೇಲೆ ಬಂದೆ. ಗೂಡಿನ ನೆನಪು ಅಲ್ಲಿಗೆ ಅಳಿಸಿಹೋಯಿತು. ಚೌಕದ ಬೇಕರಿಯಲ್ಲಿ ಬನ್ನು ಕೊಂಡು ಕಾರಿನಲ್ಲಿ ತಿನ್ನುವಾಗಲೂ ಬರಲಿಲ್ಲ, ವಿಮಾನದಲ್ಲೂ ಬರಲಿಲ್ಲ, ಅದೇ ರಾತ್ರಿ ಮನೆ ಸೇರಿದಾಗಲೂ ಬರಲಿಲ್ಲ.

ನನ್ನ ಈ ಅಂಜಿಕೆ ಹೊಸದಲ್ಲ. ನನಗೂ ಹುಟ್ಟಿದಾಗ ಕಟ್ಟಿದ ಲಿಂಗವಿದೆ. ಹನ್ನೊಂದು ವರ್ಷದ ಹಿಂದೆ ಒಂದು ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಅದನ್ನು ಬಿಚ್ಚಿಸಿ, ಬೂದು ತಟ್ಟೆಯಲ್ಲಿಟ್ಟು, ಇದೇನು ಎಂದು ಎಲ್ಲರೆದುರು ಕೇಳಿದ್ದರು. ಅವತ್ತು ತೆಗೆದದ್ದು ಮತ್ತೆ ಕೊರಳಿಗೆ ಬರಲಿಲ್ಲ. ಮೇಲಿನ ಕೋಣೆಯಲ್ಲಿ ಸಾಕ್ಸಿನ ಡ್ರಾಯರಿನ ಅಡಿಯಲ್ಲಿದೆ.

ಆರು ಗಂಟೆಗೆ ಅಂಕಿ ಎಂಬತ್ತೆಂಟಕ್ಕೆ ಇಳಿಯಿತು. ಚರ್ಚಿಗೆ ಫೋನು ಮಾಡಿದೆ. ಕಚೇರಿ ಮಂಗಳವಾರ, ಗುರುವಾರ ಮಾತ್ರ ತೆರೆದಿರುತ್ತದೆಂದು ಯಂತ್ರ ಹೇಳಿತು. ಅವತ್ತು ಶುಕ್ರವಾರ. ನೆಲಮಾಳಿಗೆಗೆ ಸಂಜೆ ನಾಲ್ಕಕ್ಕೆ ಬೀಗ ಎಂದೂ ಹೇಳಿತು. ಅಲ್ಲಿಯ ನಾಲ್ಕು ಎಂದರೆ ನಮ್ಮ ಎಂಟು. ಮೊದಲ ಶಿಫ್ಟಿಗೆ ಹೋಗಿದ್ದ ಮಹೇಶನಿಗೆ ಕಾಲ್ ಮಾಡಿ ಲಿಂಗ ಕಾಣೆಯಾಗಿದೆ, ಮಾವ ನೀರೂ ಮುಟ್ಟುತ್ತಿಲ್ಲ ಎಂದೆ. ಯಾರ ಕೈಯಿಂದ ಕಾಣೆಯಾಯಿತು ಎಂಬುದನ್ನು ನುಂಗಿಕೊಂಡೆ. ಸ್ವಾಮಿಗಳಿಂದ ಬೇರೆ ಲಿಂಗ ತರಿಸಿಕೊಡೋಣ ಎನ್ನು, ಆಗಲಿಲ್ಲವೆಂದರೆ ಆಂಬುಲೆನ್ಸ್ ಕರೆಸು, ನನ್ನ ಜಾಗಕ್ಕೆ ಬೇರೆಯವರು ಸಿಕ್ಕ ಕೂಡಲೇ ನಾನೂ ಬರುತ್ತೇನೆ ಎಂದ. ಮಾವನಿಗೆ ಹೇಳಿದೆ. ಅವರು ಕಣ್ಣು ತೆರೆಯದೆ, ಸೂಜಿ ಚುಚ್ಚಿ ಉಳಿಸಿದರೆ ಆಮೇಲೆ ನಿಮ್ಮ ಮನೆಯಲ್ಲಿ ತುತ್ತು ಮುಟ್ಟುವುದಿಲ್ಲ ಎಂದರು. ಸಿಟ್ಟಿರಲಿಲ್ಲ ದನಿಯಲ್ಲಿ. ಸಿಟ್ಟಿದ್ದಿದ್ದರೆ ನನಗೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ.

ಕೈಚೀಲ ಬರಿದು ಮಾಡಿ ಹುಡುಕಿದಾಗ ಬೇಕರಿಯ ಬಿಲ್ಲು ಸಿಕ್ಕಿತು, ಅದರಲ್ಲಿ ನಂಬರಿತ್ತು. ಫೋನು ಎತ್ತಿದ ಹುಡುಗಿಗೆ ಮೊದಲು ಏನೂ ತಿಳಿಯಲಿಲ್ಲ. ಆಮೇಲೆ, ಮೊಟ್ಟೆ ಇಲ್ಲದ್ದು ಯಾವುದೆಂದು ಹತ್ತು ಸಲ ಕೇಳಿದವರು ನೀವೇ ಅಲ್ಲವೇ ಎಂದಳು. ಹೌದು ತಾಯಿ, ನಾವೇ. ಚರ್ಚಿನ ಕೀಲಿ ಹಿಲ್ಡಾ ಎಂಬವಳ ಹತ್ತಿರ ಇರುತ್ತದೆ, ಗಿರಾಕಿ ಕಡಿಮೆಯಾದ ಮೇಲೆ ಓಡಿಹೋಗಿ ನೋಡುತ್ತೇನೆ, ನಿಮ್ಮ ನಂಬರು ಕೊಡಿ ಎಂದಳು.

ಏಳಕ್ಕೆ ಎಪ್ಪತ್ತೇಳು. ಏಳೂವರೆಗೆ ಎಪ್ಪತ್ತೊಂದು. ಮಾವನ ಹಣೆಯಲ್ಲಿ ಬೆವರು ಒಡೆದಿತ್ತು, ಕೈ ನಡುಗುತ್ತಿತ್ತು. ಖಾಲಿ ಕರಡಿಗೆಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು. ಅದು ನನ್ನ ಬಿಟ್ಟು ಹೋಯಿತು ಎಂಬ ಮಾತನ್ನು ಮತ್ತೆ ಅಂದರು, ಈ ಸಲ ನನಗಲ್ಲ, ತೀರಿಹೋದ ಅತ್ತೆಗೆ ಹೇಳುವ ಹಾಗೆ. ಅಷ್ಟರಲ್ಲಿ ನನ್ನ ಫೋನು ಕಿರುಚಿತು. ಅರವತ್ತೆಂಟು.

ನಾನು ಅವರ ಕಾಲ ಬಳಿ ಕುಸಿದೆ.

"ಅದು ನಿಮ್ಮನ್ನ ಬಿಟ್ಟು ಹೋಗಿಲ್ರೀ ಮಾವಾರ. ನಾನ ಬಿಟ್ಟು ಬಂದೇನಿ. ಅಲ್ಲೆ ಆ ಗ್ವಾಡಿ ಗೂಡಿನ್ಯಾಗ ಇಟ್ಟೆ. ಕರಡಿಗಿ ಖಾಲೀನ ಮುಚ್ಚಿ ನಿಮ್ಮ ಕೊಳ್ಳಾಗ ಹಾಕಿದೆ."

ಮಾವ ಕಣ್ಣು ತೆರೆದರು. ಬೈಯುತ್ತಾರೆಂದು ಕಾದೆ, ಬೈಯಲಿ ಎಂದು ಬಯಸಿದೆ.

"ಯಾರಿಗೆ ಅಂಜಿದಿ?" ಎಂದು ಕೇಳಿದರು.

ಮೆಟ್ಟಿಲಿಳಿದು ಬಂದ ಆ ಮುದುಕಿಗೆ ಎಂದೆ. ಅವಳೇನು ಅಂದಳು ಎಂದು ಕೇಳಿದರು. ಏನೂ ಅನ್ನಲಿಲ್ಲ, ನಾನು ಕೇಳಿಸಿಕೊಳ್ಳಲಿಲ್ಲ ಎಂದೆ. ಈಗ ಗೊತ್ತಾಯಿತಲ್ಲ, ಒಂದು ಗುಟುಕು ಸಕ್ಕರೆ ನೀರು ಕುಡಿಯಿರಿ ಎಂದು ಲೋಟ ಚಾಚಿದೆ. ಅವರು ಲೋಟವನ್ನು ಮೆಲ್ಲಗೆ ದೂರ ಸರಿಸಿದರು. ಕಣ್ಣಿಗೆ ಕಾಣಬೇಕು ಎಂದರು. ಫೋನು ಮತ್ತೆ ಕಿರುಚಿತು. ಅರವತ್ತನಾಲ್ಕು. ಇನ್ನು ಕಾಯಲಾಗದು, ಅವರು ಮುಂದೆಂದೂ ಉಣ್ಣದಿದ್ದರೂ ಸರಿ ಎಂದು ನಿರ್ಧರಿಸಿ, ಆಂಬುಲೆನ್ಸ್ ಕರೆಯಲು 911ರ ಮೊದಲ ಒಂಬತ್ತು ಒತ್ತಿದೆ. ಅಷ್ಟರಲ್ಲಿ ವಿಡಿಯೋ ಕಾಲ್ ಬಂತು.

ಮೊದಲು ಬೇಕರಿಯ ಹುಡುಗಿಯ ಮುಖ, ಏದುಸಿರು. ಆಮೇಲೆ ಬೂದು ಕೋಟು. ಅದೇ ಮುದುಕಿ. ಅವಳೇ ಹಿಲ್ಡಾ. ಅವಳು ನನ್ನನ್ನು ಗುರುತಿಸಿ, ನೀವು ಹೋಗಿ ಸ್ವಲ್ಪ ಹೊತ್ತಿಗೆ ಗೂಡಿನಲ್ಲಿ ಇದು ಕಂಡು ಓಡಿ ಬಂದೆ, ಚೌಕ ತಲುಪುವಷ್ಟರಲ್ಲಿ ನಿಮ್ಮ ಕಾರು ಹೋಗಿಬಿಟ್ಟಿತ್ತು ಎಂದಳು. ಅದನ್ನು ಚರ್ಚಿನ ಬೆಳ್ಳಿ ಬಟ್ಟಲಿನ ಪಕ್ಕದಲ್ಲಿ ಕಪಾಟಿನಲ್ಲಿಟ್ಟು ಬೀಗ ಹಾಕಿದ್ದಳಂತೆ. ನಿಮಗೆ ತೊಂದರೆ ಕೊಟ್ಟೆವು, ಕೇಳದೆ ಅಲ್ಲಿ ಪೂಜೆಗೆ ಕೂತೆವು ಎಂದು ನಾನು ತೊದಲಿದೆ. ಅವಳಿಗೆ ಆಶ್ಚರ್ಯವಾಯಿತು. ಅವರು ಪ್ರಾರ್ಥನೆ ಮಾಡುತ್ತಿದ್ದರಲ್ಲ, ನಡುವೆ ಬರಬಾರದೆಂದು ನಾನು ಮುಗಿಯುವವರೆಗೂ ಮೆಟ್ಟಿಲ ಮೇಲೆ ನಿಂತಿದ್ದೆ ಎಂದಳು. ಬರುವವರೆಲ್ಲ ಫೋಟೋ ತೆಗೆದು ಹೋಗುತ್ತಾರೆ, ಅಲ್ಲಿ ಕೂತು ಪ್ರಾರ್ಥಿಸಿದವರನ್ನು ನೋಡಿ ಎಷ್ಟೋ ವರ್ಷವಾಗಿತ್ತು, ಅದನ್ನು ಹೇಳೋಣವೆಂದೇ ಇಳಿದು ಬಂದದ್ದು ಎಂದಳು.

ನಾನು ಫೋನನ್ನು ಮಾವನ ಕಡೆ ತಿರುಗಿಸಿದೆ. ಹಿಲ್ಡಾ ಬಟ್ಟೆಯ ಗಂಟು ಬಿಡಿಸಿದಳು. ಪರರ ಕೈ ಸೋಕಿತೆಂದು ಮಾವ ಮುಖ ತಿರುಗಿಸಿಬಿಟ್ಟರೆ ಎಂದು ಅಂಜಿ ಫೋನನ್ನು ಅವರಿಗೆ ಇನ್ನಷ್ಟು ಹತ್ತಿರ ಹಿಡಿದೆ. ಅವಳು ಲಿಂಗವನ್ನು ಬೆರಳಿನಿಂದ ಎತ್ತಲಿಲ್ಲ. ಬಟ್ಟೆಯನ್ನೇ ವಾಲಿಸಿ ಎಡ ಅಂಗೈಗೆ ಇಳಿಸಿಕೊಂಡಳು, ಎದೆಯ ಮಟ್ಟಕ್ಕೆ ಎತ್ತಿ ಹಿಡಿದಳು, ಮೆಟ್ಟಿಲ ಮೇಲೆ ನಿಂತು ಕಾಲು ಗಂಟೆ ಮಾವ ಹಿಡಿದದ್ದನ್ನು ನೋಡಿದ್ದ ಹಾಗೆಯೇ.

ಮಾವ ಎರಡೂ ಕೈ ಜೋಡಿಸಿದರು.

"ಎಡಗೈಯಾಗ ಹಿಡದಾಳ ನೋಡವಾ," ಎಂದರು. ಆಮೇಲೆ ತಾವೇ ಲೋಟಕ್ಕೆ ಕೈ ಚಾಚಿದರು. ನಾನು ಕುಡಿಸಿದೆ. ಅರ್ಧ ಅವರ ಅಂಗಿಯ ಮೇಲೆ ಚೆಲ್ಲಿತು.

ಹಿಲ್ಡಾ ನಾಳೆಯೇ ಕಳಿಸುತ್ತೇನೆಂದಳು, ಇಲ್ಲಿಗೆ ತಲುಪಲು ಆರು ದಿನ ಬೇಕು. ಕಾಲ್ ಮುಗಿಯಿತು. ಕಾಲು ಗಂಟೆಯಲ್ಲಿ ಅಂಕಿ ಎಂಬತ್ತಕ್ಕೆ ಏರಿತು. ನಾನು ಅಳುತ್ತಿದ್ದೆ. ಆದರೆ ಮಾವ ಊಟದ ಮಾತೆತ್ತಲಿಲ್ಲ. ಆರು ದಿನ ಹೇಗೆ ಎಂದು ಕೇಳಲು ನನಗೆ ಧೈರ್ಯವಿರಲಿಲ್ಲ. ಅವರೇ ಕೇಳಿದರು.

"ನಿಂದು ಎಲ್ಲೈತಿ, ಪೂರ್ಣಿಮಾ?"

ಮೂರು ವರ್ಷದಲ್ಲಿ ಒಮ್ಮೆಯೂ ಕೇಳದ ಪ್ರಶ್ನೆ. ಅವರಿಗೆ ಗೊತ್ತಿಲ್ಲವೆಂದುಕೊಂಡಿದ್ದೆ. ಸಾಕ್ಸಿನ ಡ್ರಾಯರ್ ಎನ್ನಲು ನಾಚಿಕೆಯಾಗಿ, ಮೇಲಿದೆ ಎಂದಷ್ಟೇ ಹೇಳಿದೆ.

"ತಗೊಂಬಾ. ನಂದು ಬರೂತನಕ ನೀ ಪೂಜಿ ಮಾಡು, ನಾ ಕುಂತು ನೋಡ್ತೀನಿ. ಆಮ್ಯಾಲೆ ಇಬ್ಬರೂ ಉಣ್ಣೂಣು."

ತಂದೆ. ಮುಖ ತೊಳೆದು, ವಿಭೂತಿ ಇಟ್ಟು, ಅವರ ಎದುರು ಕೂತೆ. ನನ್ನ ಕರಡಿಗೆಯ ಮುಚ್ಚಳ ಹನ್ನೊಂದು ವರ್ಷ ತೆರೆಯದೆ ಕಚ್ಚಿಕೊಂಡಿತ್ತು, ಮಾವ ಕಸುವಿಲ್ಲದ ಬೆರಳಿನಲ್ಲೇ ಒಂದು ಕಡೆ ಹಿಡಿದುಕೊಂಡರು, ನಾನು ತಿರುವಿದೆ. ಹಗಲಾಗಿತ್ತೆಂದು ಪರದೆಯನ್ನು ಯಾವಾಗಲೋ ಸರಿಸಿದ್ದೆ. ಕಿಟಕಿಯಾಚೆ ಪಕ್ಕದ ಮನೆಯಾತ ಹುಲ್ಲಿಗೆ ನೀರು ಬಿಡುತ್ತ ನಮ್ಮ ಕಡೆಗೇ ಮುಖ ಮಾಡಿ ನಿಂತಿದ್ದ. ನನ್ನ ಕೈ ತಾನಾಗಿಯೇ ಪರದೆಯ ಕಡೆ ಹೋಯಿತು. ಮಾವ ನೋಡುತ್ತಿದ್ದರು. ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡೆ. ಹೆದರಿಕೆಯೇನೂ ಹೋಗಿರಲಿಲ್ಲ. ಹಿಲ್ಡಾ ಹಿಡಿದ ಹಾಗೆ ಹಿಡಿಯಲು ನೋಡಿದೆ.