ಕಿತ್ತಳೆ ಪೆಟ್ಟಿಗೆಯ ಕಾವಲು

ನಮ್ಮ ಬೀದಿಯಲ್ಲಿ ಫುಟ್‌ಪಾತಿನಿಂದ ಗಾಲಿಕುರ್ಚಿ ಕೆಳಗಿಳಿಸಲು ಇರುವುದು ಒಂದೇ ಇಳಿಜಾರು. ಅದರ ಮೇಲೆ ಯಾವನಾದರೂ ಕಾರು ನಿಲ್ಲಿಸದ ದಿನವಿಲ್ಲ. ಅಥೆನ್ಸಿನಲ್ಲಿ ದೇವರು ಬಂದರೂ ಕಾರು ನಿಲ್ಲಿಸಲು ಜಾಗ ಸಿಗುವುದಿಲ್ಲ, ನಿಜ. ಹಾಗಂತ ನನ್ನ ಗಂಡನ ದಾರಿಯೇ ಬೇಕಿತ್ತೇ ಇವರಿಗೆ?

ಲಕ್ವ ಹೊಡೆದ ಮೇಲೆ ನಮ್ಮವರು, ಪಾಂಡೆಲಿಸ್, ಎದುರಿಗಿರುವ ಸಿಮೋಸನ ಕ್ಷೌರದಂಗಡಿಗೆ ಹೋಗಿಯೇ ಇಲ್ಲ. ಬಾಲ್ಕನಿಯಿಂದ ನೋಡುತ್ತ ಕೂರುತ್ತಾರೆ. ಇವತ್ತು ಮಧ್ಯಾಹ್ನ ಸಿಮೋಸ್ ಅಂಗಡಿಯನ್ನು ಶಾಶ್ವತವಾಗಿ ಮುಚ್ಚಿ, ಹಡಗು ಹತ್ತಿ, ಮಗಳ ದ್ವೀಪಕ್ಕೆ ಹೋಗಿಬಿಡುವವನಿದ್ದ. "ಮನೆಗೇ ಬಂದು ಮಾಡ್ತೀನಿ ಕಣೋ" ಅಂದಿದ್ದ, ಪಾಪ. ಇವರು ಒಪ್ಪಬೇಕಲ್ಲ!

"ಮನೆಗೆ ಬಂದು ಕ್ಷೌರ ಮಾಡೋದು ಹೆಣಕ್ಕೆ. ನಾನು ಅವನ ಕುರ್ಚಿ ಮೇಲೇ ಕೂರ್ತೀನಿ, ಕೊನೇ ಸಲ."

ಬೆಳಿಗ್ಗೆ ಇಳಿಜಾರಿನ ಮೇಲಿದ್ದ ಕಾರು ಹೊರಟಿದ್ದೇ ತಡ, ವಾರದ ಸಂತೆಯಿಂದ ತಂದಿದ್ದ ಕಿತ್ತಳೆ ಪೆಟ್ಟಿಗೆಯನ್ನು ಅಲ್ಲಿಟ್ಟೆ. ನಮ್ಮಲ್ಲಿ ರಸ್ತೆಯ ಮೇಲೆ ಪೆಟ್ಟಿಗೆ ಇಟ್ಟರೆ ಆ ಜಾಗ ಯಾರದೋ ಕಾರಿಗೆ ಕಾದಿರಿಸಿದ್ದು ಎಂದೇ ಲೆಕ್ಕ. ಪೊಲೀಸರ ಫಲಕಕ್ಕಿಲ್ಲದ ಮರ್ಯಾದೆ ಅದಕ್ಕಿದೆ. ಕೆಳಮನೆಯವಳು ಕಿಟಕಿಯಿಂದ ಕೊಂಕು ತೆಗೆದಳು.

"ಏನ್ ಅಸ್ಪಸಿಯಾ, ಕಾರ್ ತಗೊಂಡ್ಯಾ?"

"ಹೂಂ ಕಣಮ್ಮ, ನಾಲ್ಕು ಗಾಲೀದು! ಪೆಟ್ರೋಲ್ ಬೇಡ, ನಾನೇ ತಳ್ಳೋದು" ಅಂದೆ.

ಇವರಿಗೆ ಬಿಳಿ ಅಂಗಿ ತೊಡಿಸಿ, ಲಿಫ್ಟಿನಲ್ಲಿ ಇಳಿಸಿಕೊಂಡು ಬರುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಪೆಟ್ಟಿಗೆ ಗೋಡೆಗೆ ಒರಗಿತ್ತು. ಇಳಿಜಾರಿನ ಮೇಲೆ ಬೂದು ಬಣ್ಣದ ಕಾರು. ಬೇರೆ ಯಾರದೂ ಅಲ್ಲ, ನನ್ನ ಮಗ ಲಾಂಬ್ರೋಸನದು!

ಫೋನು ಮಾಡಿದರೆ ಅದು ಕಾರಿನ ಸೀಟಿನ ಮೇಲೇ ಬಡಕೊಂಡಿತು. ಉದ್ದಕ್ಕೂ ಕಾರಿಗೆ ಕಾರು ತಾಗಿಕೊಂಡು ನಿಂತಿವೆ, ಬೆಕ್ಕು ತೂರಲೂ ಸಂದಿಯಿಲ್ಲ. ಎದುರಿಗೆ ಸಿಮೋಸ್ ಟ್ಯಾಕ್ಸಿಗೆ ಸೂಟ್‌ಕೇಸು ತುಂಬುತ್ತಿದ್ದ. ಟ್ಯಾಕ್ಸಿಯ ಹಿಂದೆ ಬಸ್ಸು ಒಂದೇ ಸಮನೆ ಹಾರ್ನು ಹೊಡೆಯುತ್ತಿತ್ತು. ನಾನು ಗಂಟಲು ಹರಿಯುವಂತೆ ಕೂಗಿದೆ. ಅವನು ನಮ್ಮನ್ನು ನೋಡಿದ, ಅಡ್ಡ ನಿಂತ ಕಾರನ್ನು ನೋಡಿದ, ಕೈಗಡಿಯಾರ ತೋರಿಸಿದ. ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿ, ಷಟರು ಎಳೆದು, ಟ್ಯಾಕ್ಸಿ ಹತ್ತಿದ.

ಆಮೇಲೆ ಬಂದ ನನ್ನ ಮಗರಾಯ, ಬೇಕರಿಯ ಸಿಹಿ ಹಿಡಿದುಕೊಂಡು.

"ಅಮ್ಮ, ನೀನು ಬಂಗಾರ ಕಣೇ! ನಾನು ಬರ್ತೀನಿ ಅಂತ ಜಾಗ ಹಿಡಿದಿಟ್ಟಿದ್ಯಲ್ಲ!"

"ಅಲ್ಲೊಂದು ಇಳಿಜಾರಿದೆ ಅಂತ ಕಾಣಲಿಲ್ವೇನೋ ನಿನ್ನ ಕಣ್ಣಿಗೆ?"

"ಪೆಟ್ಟಿಗೆ ಕಾಣ್ತು. ಅಪ್ಪನ್ನ ಕಾರಲ್ಲಿ ಸಿಮೋಸ್ ಅಂಗಡಿಗೆ ಬಿಡೋಣ ಅಂತಾನೇ ಓಡಿ ಬಂದೆ."

ರಸ್ತೆ ದಾಟಿದರೆ ಸಿಗುವ ಅಂಗಡಿಗೆ! ಬಾಯಿಗೆ ಬಂದಂತೆ ಬೈದೆ. ಮುಚ್ಚಿದ ಷಟರು ನೋಡಿ ಅವನು ಬೆಪ್ಪಾದ. ಕಾರು ತೆಗೆಯಲು ಕೀಲಿಗಾಗಿ ಜೇಬು ತಡಕಿದ.

"ಇರಲಿ ಬಿಡೋ" ಅಂದರು ಇವರು, ಕಿವಿ ಮುಚ್ಚುವಷ್ಟು ಬೆಳೆದ ಕೂದಲನ್ನು ಸವರಿಕೊಳ್ಳುತ್ತ. ಆಮೇಲೆ ನನ್ನ ಕಡೆ ತಿರುಗಿದರು. "ನಾಳೆಯಿಂದ ಪೆಟ್ಟಿಗೆ ಬೇಡ ಕಣೇ, ನನ್ನನ್ನೇ ಅಲ್ಲಿ ಕೂರಿಸು. ನಾನೆಲ್ಲಿಗೂ ಹೋಗೋನಲ್ವಲ್ಲ."