ಎವೆಯಿಕ್ಕದ ಗೆರೆಮಾಮ

ದೇವತೆಗಳಿಗೆ ಅನಿಮಿಷರೆಂದು ಹೆಸರು. ಅವರು ಕಣ್ಣೆವೆ ಮಿಟುಕಿಸುವುದಿಲ್ಲವಂತೆ. ದೇವತೆಗಳನ್ನು ಕಂಡ ಭಾಗ್ಯ ನನ್ನದಲ್ಲ. ಆದರೆ ಮೊಣಕಾಲು ಜೋಡಿಸಿ, ಅಂಗೈಗಳನ್ನು ತೊಡೆಯ ಮೇಲೆ ಮಡಗಿ, ಬೆನ್ನು ನೆಟ್ಟಗೆ ಮಾಡಿ, ಬ್ಯಾಡ್ಮಿಂಟನ್ ಅಂಗಳದ ಅಂಚಿನ ಪುಟ್ಟ ಕುರ್ಚಿಯಲ್ಲಿ ಕುಳಿತು, ಒಂದೂವರೆ ಅಂಗುಲ ಅಗಲದ ಬಿಳಿಯ ಗೆರೆಯೊಂದನ್ನು ಪ್ರಪಂಚದಲ್ಲಿ ಅದನ್ನು ಬಿಟ್ಟರೆ ಬೇರೆ ವಸ್ತುವೇ ಇಲ್ಲವೆಂಬಂತೆ ದಿಟ್ಟಿಸುತ್ತಿದ್ದ ಒಬ್ಬ ದರ್ಜಿಯನ್ನು ಕಂಡಿದ್ದೇನೆ. ಶಟಲ್ ಗಾಳಿಯಲ್ಲಿರುವಷ್ಟು ಹೊತ್ತೂ ಅವರ ಎವೆ ಅಲುಗುತ್ತಿರಲಿಲ್ಲ. ಶಟಲ್ ನೆಲಕ್ಕೆ ಬಿದ್ದು, ತೀರ್ಪು ಹೊರಬಿದ್ದ ಮೇಲೆ, ಸಾಲ ತೀರಿಸುವವರಂತೆ ನಾಲ್ಕೈದು ಸಲ ಒಟ್ಟಿಗೇ ಮಿಟುಕಿಸಿ, ಮತ್ತೆ ಗೆರೆಗೆ ಮರಳುತ್ತಿದ್ದರು. ಆಟದ ಹಾಲ್‌ನಲ್ಲಿ ಆಡುವ ಮಕ್ಕಳಿಂದ ಹಿಡಿದು ಕಾರ್ಯದರ್ಶಿಯವರೆಗೆ ಎಲ್ಲರಿಗೂ ಅವರು ಗೆರೆಮಾಮ.

ಅವರ ಅಂಗಡಿ ಹಾಲ್‌ನ ಹಿಂಬದಿಯ ಬೀದಿಯಲ್ಲಿತ್ತು. ಮುಂದೆ ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಹಿಂದೆ ಎರಡು ಹೊಲಿಗೆ ಯಂತ್ರ, ಗೋಡೆಗೆ ಒಂದು ಆಳೆತ್ತರದ ಕನ್ನಡಿ. ಸೀಮೆಸುಣ್ಣದಿಂದ ಬಟ್ಟೆಯ ಮೇಲೆ ಗೆರೆ ಎಳೆದರೆಂದರೆ ಕತ್ತರಿ ಆ ಗೆರೆಯ ಹೊರ ಅಂಚನ್ನು ಹಿಡಿದೇ ಹೋಗಬೇಕು. ಗೆರೆ ಬಟ್ಟೆಯ ಪಾಲಿಗೆ ಸೇರಿದ್ದು, ಚೂರಿನ ಪಾಲಿಗಲ್ಲ ಎಂಬುದು ಅವರ ವೃತ್ತಿಧರ್ಮ. ಬ್ಯಾಡ್ಮಿಂಟನ್ನಿನಲ್ಲಿಯೂ ಗೆರೆ ಮುಟ್ಟಿದ ಶಟಲ್ ಒಳಗಿನದೇ ಎಂದು ತಿಳಿದ ದಿನ ಅವರಿಗೆ ಆದ ಆನಂದ ಅಷ್ಟಿಷ್ಟಲ್ಲ. ಯಾರದೋ ಕೋಟು ಕೊಡಲು ಹಾಲ್‌ಗೆ ಬಂದವರು, ಶಟಲ್ ಗೆರೆಯ ಒಳಗೋ ಹೊರಗೋ ಎಂದು ಹೇಳುವ ಲೈನ್ ಜಡ್ಜ್ ಒಬ್ಬ ಕಡಿಮೆಯೆಂದು ಕುರ್ಚಿಯಲ್ಲಿ ಕುಳಿತವರು, ಇಪ್ಪತ್ತೆರಡು ವರ್ಷ ಅಲ್ಲಿಂದ ಏಳಲಿಲ್ಲ.

ನಡಿಗೆಯಲ್ಲಿಯೂ ಒಂದು ವೈಚಿತ್ರ್ಯವಿತ್ತು. ಬೀದಿಯಾಗಲಿ, ಬ್ಯಾಂಕಿನ ನೆಲವಾಗಲಿ, ಕಲ್ಲುಹಾಸಿನ ಸಂದುಗಳನ್ನು ಅವರು ತುಳಿಯುತ್ತಿರಲಿಲ್ಲ. ಒಮ್ಮೆ ಅರ್ಧ ಹೆಜ್ಜೆ, ಒಮ್ಮೆ ಒಂದೂವರೆ ಹೆಜ್ಜೆ ಇಡುತ್ತ ಬರುವ ಆ ದಪ್ಪಗಿನ ಮನುಷ್ಯನನ್ನು ದೂರದಿಂದ ನೋಡಿದವರು ಕಾಲಿಗೆ ಮುಳ್ಳು ಚುಚ್ಚಿರಬೇಕೆಂದುಕೊಳ್ಳುತ್ತಿದ್ದರು. ಮಾತಿನ ಕೊನೆಗೆ "ಕಂಡಷ್ಟು ಹೇಳಿದೆ" ಎಂದು ಸೇರಿಸುವುದು ಅವರ ರೂಢಿ. ಮಳೆ ಬರಬಹುದೆಂದು ಹೇಳಿದರೂ "ಕಂಡಷ್ಟು ಹೇಳಿದೆ". ಗುಂಡಿಗೆ ಕಾಜಾ ಹೊಲಿಯುತ್ತ ಹಿಂದೆ ಕೂರುತ್ತಿದ್ದ ಅವರ ಹೆಂಡತಿಯ ನಾಲಿಗೆ ಅವರ ಸೂಜಿಗಿಂತ ಮೊನಚು. ನನಗೆ ಒಮ್ಮೆ ಹೇಳಿದರು: "ನನ್ನನ್ನ ನೋಡೋಕೆ ಬಂದಾಗ ಹೀಗೇ ರೆಪ್ಪೆ ಬಡಿಯದೆ ನೋಡ್ತಾ ಕೂತಿದ್ರು. ಅಬ್ಬ, ಎಷ್ಟು ಪ್ರೀತಿ ಅಂದ್ಕೊಂಡೆ. ಮದುವೆ ಆದ್ಮೇಲೆ ಗೊತ್ತಾಯ್ತು, ನನ್ನ ತೋಳಿನ ಹೊಲಿಗೆ ಸೊಟ್ಟ ಇತ್ತಂತೆ!" ಗೆರೆಮಾಮ ತಲೆಯೆತ್ತದೆ, "ಸೊಟ್ಟ ಇದ್ದಿದ್ದು ನಿಜವಲ್ವಾ?" ಎಂದರು.

ನಾನು ಕಾಲೇಜಿನಲ್ಲಿ ತರ್ಕಶಾಸ್ತ್ರ ಹೇಳುವವನು. ಸಂಜೆಯ ಹೊತ್ತು ಹಾಲ್‌ನಲ್ಲಿ ಆಡಿ, ಆಡಲಾರದ ವಯಸ್ಸು ಬಂದ ಮೇಲೆ ಲೈನ್ ಜಡ್ಜ್ ಆಗಲು ಹೊರಟೆ. ಕಲಿಸಿದವರು ಗೆರೆಮಾಮ. ಇರುವುದೇ ಮೂರು ಸನ್ನೆ. ಹೊರಗೆ ಬಿದ್ದರೆ ಎರಡು ತೋಳನ್ನೂ ಅಗಲಕ್ಕೆ ಚಾಚಿ "ಔಟ್" ಎಂದು ಕೂಗಬೇಕು. ಒಳಗೆ ಬಿದ್ದರೆ ಬಾಯಿ ಬಿಡದೆ ಬಲಗೈಯಿಂದ ಗೆರೆಯನ್ನು ತೋರಿಸಬೇಕು. ಯಾರಾದರೂ ಅಡ್ಡ ಬಂದು ಕಾಣದೆ ಹೋದರೆ ಎರಡು ಕೈಗಳಿಂದಲೂ ಕಣ್ಣು ಮುಚ್ಚಿಕೊಳ್ಳಬೇಕು. ಈ ಮೂರನೆಯದು ನನಗೆ ಬಗೆಹರಿಯಲಿಲ್ಲ. ತರಗತಿಯಲ್ಲಿ ಇಪ್ಪತ್ತು ವರ್ಷದಿಂದ ಒಂದು ಸಲವೂ "ಗೊತ್ತಿಲ್ಲ" ಎಂದವನಲ್ಲ ನಾನು. ಕಾಣದಿದ್ದಾಗಲೂ ಊಹೆಯಿಂದ ಕೈ ತೋರಿಸಿಬಿಡುತ್ತಿದ್ದೆ, ಊಹೆ ಬಹುತೇಕ ಸರಿಯಾಗಿಯೇ ಇರುತ್ತಿತ್ತು. ಒಂದು ದಿನ ಅವರು ಹತ್ತಿರ ಬಂದು, ಮಿಕ್ಕವರಿಗೆ ಕೇಳಿಸದಂತೆ, "ಮೇಷ್ಟ್ರೇ, ಈಗಿಂದು ನಿಮಗೆ ಕಾಣಲಿಲ್ಲ" ಎಂದರು. ಕಾಣಲಿಲ್ಲವೆಂಬುದು ಇವರಿಗೆ ಹೇಗೆ ಕಂಡಿತೆಂದು ನಾನು ಬೆರಗಾದೆ. "ಕಣ್ಣು ಮುಚ್ಚೋದೂ ಒಂದು ತೀರ್ಪೇ. ನಾಚಿಕೆ ಯಾಕೆ?" ಎಂದು ಹೇಳಿ ಹೋದರು. ಹಾಗೆ ಹೇಳಿದವರೇ ಕಣ್ಣು ಮುಚ್ಚಿಕೊಂಡದ್ದನ್ನು ಮಾತ್ರ ಯಾರೂ ಕಂಡಿರಲಿಲ್ಲ. ಅಡ್ಡ ಬಂದವರ ಕಾಲಿನ ಸಂದಿನಲ್ಲಾದರೂ ಅವರಿಗೆ ಗೆರೆ ಕಂಡೇ ಕಾಣುತ್ತದೆಂದು ಹಾಲ್‌ನಲ್ಲಿ ಪ್ರತೀತಿ.

ಇಂಥ ನಮ್ಮ ಹಾಲ್‌ಗೆ ಒಂದು ವರ್ಷ ರಾಷ್ಟ್ರತಂಡಗಳ ವಿಶ್ವ ಪಂದ್ಯಾವಳಿ ಬಂತು. ಗಂಡಸರ ತಂಡಗಳಿಗೊಂದು ಕಪ್, ಹೆಂಗಸರ ತಂಡಗಳಿಗೊಂದು ಕಪ್. ಇಲ್ಲಿ ಒಬ್ಬರು ಗೆದ್ದರೆ ಸಾಲದು. ಎರಡು ದೇಶಗಳ ನಡುವೆ ಐದು ಪಂದ್ಯ. ಮೂರು ಗೆದ್ದವರು ಮುಂದಕ್ಕೆ, ಸೋತವರು ಮನೆಗೆ. ಲೈನ್ ಜಡ್ಜ್‌ಗಳೆಲ್ಲ ಆತಿಥೇಯ ದೇಶದವರು, ಅಂದರೆ ನಾವೇ. ಈಗಿನಂತೆ ತೀರ್ಪು ಪರೀಕ್ಷಿಸುವ ಕ್ಯಾಮೆರಾಗಳು ಆಗ ಬಂದಿರಲಿಲ್ಲ. ಗೆರೆಮಾಮನಿಗೆ ನಿವೃತ್ತಿಯ ವಯಸ್ಸು. ಇದೇ ಅವರ ಕೊನೆಯ ಪಂದ್ಯಾವಳಿಯೆಂದೂ, ಹೆಂಗಸರ ಫೈನಲ್‌ನಲ್ಲಿ ಹಿಂಗೆರೆಯ, ಅಂದರೆ ಅಂಗಳದ ಹಿಂದಿನ ಅಂಚಿನ ಗೆರೆಯ, ಕುರ್ಚಿ ಅವರಿಗೇ ಎಂದೂ ಕಾರ್ಯದರ್ಶಿ ಮಾತು ಕೊಟ್ಟಿದ್ದರು. ಇಪ್ಪತ್ತೆರಡು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಿದ್ದು ಆ ಕುರ್ಚಿಗಾಗಿ ಎಂದು ಅವರು ಬಾಯಿಬಿಟ್ಟು ಹೇಳಲಿಲ್ಲ, ಹೆಂಡತಿ ಹೇಳಿದರು.

ನಮಗೆಲ್ಲ ಕೋಟುಗಳು ಬಂದವು, ಕಡುನೀಲಿ, ಬೆಳ್ಳಿಯ ಬಣ್ಣದ ಗುಂಡಿ. ತಾಲೀಮಿನ ದಿನ ಹತ್ತು ಜನ ಒಟ್ಟಿಗೆ ತೋಳು ಚಾಚಿ "ಔಟ್" ಎಂದು ಕೂಗಿದೆವು. ಕೂಗಿನ ಹಿಂದೆಯೇ ಪರ್ರೆಂದು ನಾಲ್ಕು ಕಂಕುಳು ಹರಿದವು, ಅದರಲ್ಲೊಂದು ನನ್ನದು. ಗೆರೆಮಾಮ ತಮ್ಮ ಕೋಟು ಬಿಚ್ಚಿ, ಒಳಮಗ್ಗುಲು ತಿರುಗಿಸಿ ನೋಡಿ, "ಇದನ್ನ ಹಾಕ್ಕೊಂಡ್ರೆ ಎಲ್ಲಾ ಶಟಲ್ಲೂ ಒಳಗೇ ಬೀಳುತ್ತೆ" ಎಂದರು. ಹತ್ತು ಕೋಟುಗಳನ್ನೂ ಹೆಗಲ ಮೇಲೆ ಹೇರಿಕೊಂಡು ಹೋದ ಗಂಡಹೆಂಡಿರು ಒಂದೂವರೆ ದಿನದಲ್ಲಿ ಎಲ್ಲವನ್ನೂ ಕಂಕುಳ ಕೆಳಗೆ ಬಿಚ್ಚಿ, ತುಂಡು ಸೇರಿಸಿ, ಹೊಲಿದು ತಂದರು. ಎಲ್ಲಿ ತುಂಡು ಸೇರಿಸಿದ್ದೆಂದು ಹುಡುಕಿದರೂ ನನಗೆ ಸಿಗಲಿಲ್ಲ.

ನಮ್ಮ ಹೆಂಗಸರ ತಂಡ ಅದುವರೆಗೆ ಫೈನಲ್ ಮುಖ ನೋಡಿದ್ದಿಲ್ಲ. ಆ ವರ್ಷ ಸೆಮಿಫೈನಲ್‌ಗೆ ಬಂದು, ಎರಡು ಗೆದ್ದು ಎರಡು ಸೋತು, ಐದನೆಯ ಪಂದ್ಯಕ್ಕೆ ನಿಂತಿತು. ಆ ಐದನೆಯ ಪಂದ್ಯದ ಹುಡುಗಿ ಈ ಹಾಲ್‌ನಲ್ಲೇ ಬೆಳೆದವಳು. ಏಳು ವರ್ಷದವಳಿದ್ದಾಗ ತನಗಿಂತ ಉದ್ದದ ರ್‍ಯಾಕೆಟ್ ಎಳೆದುಕೊಂಡು ಬರುತ್ತಿದ್ದಳು. ಅವಳ ಮೊದಲ ಆಟದ ಅಂಗಿಯನ್ನು ಹೊಲಿದುಕೊಟ್ಟವರು ಗೆರೆಮಾಮ. ತಂಡದಲ್ಲಿ ಕೊನೆಯ ಆಟಗಾರ್ತಿಯ ಪಾಡು ವಿಚಿತ್ರವಾದದ್ದು: ಮೊದಲಿನವರೇ ಗೆದ್ದರೆ ಅವಳಿಗೆ ಆಟವಿಲ್ಲ, ಮೊದಲಿನವರೇ ಸೋತರೂ ಆಟವಿಲ್ಲ, ಶೂ ಬಿಗಿದುಕೊಂಡು ಕುಳಿತು, ಬಿಚ್ಚಿ ಮನೆಗೆ ಹೋಗುವುದೇ ಅವಳ ಕೆಲಸ. ಎರಡು ವರ್ಷ ಹಾಗೆ ಕುಳಿತಿದ್ದವಳು ಅಂದು ಎದ್ದು ಬಂದಳು. ಹಾಲ್‌ನಲ್ಲಿ ಎಳ್ಳು ಹಾಕಿದರೆ ಕೆಳಗೆ ಬೀಳದಷ್ಟು ಜನ.

ಒಂದೊಂದು ಗೇಮ್ ಹಂಚಿಕೊಂಡು, ಮೂರನೆಯದರಲ್ಲಿ ಹುಡುಗಿ ಇಪ್ಪತ್ತು, ಎದುರಾಳಿ ಹತ್ತೊಂಬತ್ತು. ಇನ್ನೊಂದು ಅಂಕ ಬಂದರೆ ದೇಶ ಫೈನಲ್‌ಗೆ. ಹುಡುಗಿ ಹೊಡೆದ ಶಟಲ್ ದೀಪಗಳವರೆಗೆ ಏರಿ, ಎದುರಾಳಿಯ ಅಂಗಳದ ಹಿಂದಿನ ಮೂಲೆಗೆ ಇಳಿಯಿತು. ಎದುರಾಳಿ ಹಿಂದಕ್ಕೆ ಓಡಿ, ರ್‍ಯಾಕೆಟ್ ಎತ್ತಿ, ಕೊನೆಯ ಗಳಿಗೆಯಲ್ಲಿ ಹೊರಗೆ ಹೋಗುತ್ತದೆಂದು ಬಿಟ್ಟು, ಗೆರೆಯ ಮೇಲೆ ಗಿರಕ್ಕನೆ ತಿರುಗಿದಳು. ಅದು ಹಿಂಗೆರೆ, ಗೆರೆಮಾಮನ ಗೆರೆ. ನಾನು ಅದೇ ಮೂಲೆಯ ಹಿಂದೆ, ಉದ್ದಗೆರೆಯ ಕುರ್ಚಿಯಲ್ಲಿದ್ದೆ. ಕಾರ್ಕಿನ ತಲೆ ಬಿಳಿಯ ಮೇಲೆ ಬಿದ್ದದ್ದನ್ನು ಕಂಡೆ. ಆದರೆ ಹಿಂಗೆರೆಯ ಮಾತು ಆಡುವ ಅಧಿಕಾರ ನನಗಿಲ್ಲ. ಎಲ್ಲರಂತೆ ನಾನೂ ಗೆರೆಮಾಮನತ್ತ ತಿರುಗಿದೆ.

ಅವರು ಎರಡು ಕೈಗಳಿಂದಲೂ ಕಣ್ಣು ಮುಚ್ಚಿಕೊಂಡು ಕುಳಿತಿದ್ದರು.

ಆ ನೋಟವನ್ನು ನಾನು ಸಾಯುವವರೆಗೆ ಮರೆಯಲಾರೆ. ಊರಿಗೆ ಊರೇ ತಮ್ಮ ಬಲಗೈಯನ್ನೇ ನೋಡುತ್ತಿರುವಾಗ, ಆ ಕೈ ತುಸು ಮುಂದಕ್ಕೆ ಚಾಚಿದರೆ ಸಾಕು ಎಂದು ಕೈ ಮುಗಿಯುವ ಹತ್ತು ಸಾವಿರ ಜನರ ನಡುವೆ, ಕಡುನೀಲಿ ಕೋಟಿನ ಆ ದಪ್ಪಗಿನ ಮನುಷ್ಯ ಪುಟ್ಟ ಮಗುವಿನಂತೆ ಕಣ್ಣು ಮುಚ್ಚಿಕೊಂಡು, ನನಗೆ ಕಾಣಲಿಲ್ಲ ಎಂದು ಸಾರುತ್ತಿದ್ದರು. ಅಂಪೈರ್, ಅಷ್ಟು ದೂರದಿಂದ ತಾನೂ ಖಚಿತವಾಗಿ ಹೇಳಲಾರೆನೆಂದು, ನಿಯಮದಂತೆ ಆ ಅಂಕವನ್ನು ಮತ್ತೆ ಆಡಿಸಿದರು. ಹುಡುಗಿ ಅದನ್ನು ಸೋತಳು. ಮುಂದಿನ ಎರಡನ್ನೂ ಸೋತಳು. ನೆಲದ ಮೇಲೆ ಕುಕ್ಕರಿಸಿ ಮುಖ ಮುಚ್ಚಿಕೊಂಡಳು. ಮೇಲಿನಿಂದ ನೀರಿನ ಬಾಟಲಿಗಳು ಬಿದ್ದವು. ಬೈಗುಳವಂತೂ ಕಿವಿಯಿಂದ ಕೇಳುವಂತಿರಲಿಲ್ಲ. ಗೆರೆಮಾಮ ಎದ್ದು, ಕೋಟಿನ ಗುಂಡಿ ಸರಿಯಿದೆಯೇ ನೋಡಿಕೊಂಡು, ಗೆರೆ ತುಳಿಯದೆ ಹೊರನಡೆದರು.

ಮರುದಿನ ಬೆಳಿಗ್ಗೆ ಫೈನಲ್ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. "ಜನ ರೊಚ್ಚಿಗೆದ್ದಿದ್ದಾರೆ, ನಿಮ್ಮ ಒಳ್ಳೇದಕ್ಕೇ" ಎಂದರು ಕಾರ್ಯದರ್ಶಿ. ಅವರ ಕುರ್ಚಿಯಲ್ಲಿ ಯಾರನ್ನು ಕೂರಿಸಿದರೆಂದು ಹೇಳಲು ನನಗೆ ನಾಚಿಕೆ, ನನ್ನನ್ನೇ. ನಾನು ಹೋಗಿ ಕುಳಿತೆ ಕೂಡ.

ಫೈನಲ್ ಮುಗಿಸಿ ನೇರ ಅಂಗಡಿಗೆ ಹೋದೆ. ಅವರು ಯಾರದೋ ಪ್ಯಾಂಟಿನ ಅಂಚು ಮಡಿಸುತ್ತಿದ್ದರು. ಬಾಯಿಗೆ ಹಾಕಿಕೊಂಡ ಬೀಗ ತೆಗೆದು ಹೇಳಿಯೇಬಿಟ್ಟೆ: "ನನಗೆ ಕಂಡಿತ್ತು. ಅದು ಒಳಗೆ ಬಿತ್ತು."

"ಕಾರ್ಕ್ ಬಿದ್ದ ಜಾಗ ಕಂಡಿತಾ, ಬಿದ್ದು ಹೊರಳಿ ನಿಂತ ಜಾಗ ಕಂಡಿತಾ?"

ಕಣ್ಣು ಮುಚ್ಚಿ ಮತ್ತೆ ಮತ್ತೆ ನೆನೆದೆ. ಬಿಳಿಯ ಮೇಲೆ ಕಾರ್ಕು ಇತ್ತು, ಆದರೆ ಅದು ಬೀಳುವುದನ್ನು ಕಂಡೆನೋ, ಬಿದ್ದಿದ್ದನ್ನು ಕಂಡೆನೋ, ಬೀಳಲಿ ಎಂದು ಬೇಡಿದ್ದನ್ನೇ ಕಂಡೆನೋ! ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ಇಪ್ಪತ್ತು ವರ್ಷ ಪಾಠ ಮಾಡಿದವನು ನಾನು. "ಗೊತ್ತಿಲ್ಲ" ಎಂದೆ. ಆ ಮಾತನ್ನು ಬಾಯಿಬಿಟ್ಟು ಹೇಳಿದ್ದು ಬಹುಶಃ ಅದೇ ಮೊದಲು.

ಗೆರೆಮಾಮ ಸೂಜಿಯನ್ನು ಬಟ್ಟೆಗೆ ಚುಚ್ಚಿ ಪಕ್ಕಕ್ಕಿಟ್ಟರು. "ನನಗೂ ಕಂಡ ಹಾಗೇ ಆಯ್ತು ಮೇಷ್ಟ್ರೇ. ಆ ಮಗು ಇಷ್ಟುದ್ದ ಇದ್ದಾಗಿಂದ ನೋಡಿದೀನಿ. ಒಳಗೆ ಅಂತ ತೋರ್ಸೋಕೆ ಈ ಬಲಗೈ ಏಳ್ತಾ ಇತ್ತು, ನನ್ನನ್ನ ಕೇಳದೇನೇ. ಆ ಎದುರಾಳಿ ಅಡ್ಡ ಬಂದಿದ್ಲು, ಕಂಡಿರಲಿಲ್ಲ, ಆದ್ರೂ ಏಳ್ತಾ ಇತ್ತು. ಅದಕ್ಕೇ ಗಬಕ್ಕಂತ ಎರಡೂ ಕೈ ಎತ್ತಿ ಕಣ್ಣಿಗೆ ಒತ್ತಿಬಿಟ್ಟೆ." ಅಭ್ಯಾಸದಂತೆ ಸೇರಿಸಿದರು: "ಕಂಡಷ್ಟು ಹೇಳಿದೆ."

ಹದಿನೈದು ದಿನದ ನಂತರ ನಾನು ಅಲ್ಲಿಯೇ ಕುಳಿತಿದ್ದಾಗ ಆ ಹುಡುಗಿ ಬಂದಳು. ತಂಡದ ಕೋಟು ಭುಜದಲ್ಲಿ ಸಡಿಲವೆಂದು ನೆಪ. ಅದನ್ನು ಮೇಜಿನ ಮೇಲಿಟ್ಟಳು. "ಮಾಮ, ಅದು ಒಳಗೆ ಬಿತ್ತಾ?" ಎಂದಳು.

"ನಂಗೆ ಕಾಣಲಿಲ್ಲಮ್ಮ."

"ಒಳಗೆ ಬಿತ್ತು ಅಂದ್ಬಿಡಿ. ಸುಳ್ಳಾದ್ರೂ ಪರವಾಗಿಲ್ಲ, ಇಲ್ಲಿ ಹೊರಗಿನವರು ಯಾರಿದ್ದಾರೆ? ನಂಗೆ ನಿದ್ದೆ ಬರುತ್ತೆ."

ನಾನಾಗಿದ್ದರೆ ಹೇಳಿಬಿಡುತ್ತಿದ್ದೆ. ಅವರು ಹೇಳಲಿಲ್ಲ. ಅವರ ಕಣ್ಣು ತುಂಬಿತ್ತು. ಆಗಲೂ ಅವರು ಎವೆಯಿಕ್ಕಲಿಲ್ಲ. ಕೊರಳಿನಿಂದ ಅಳತೆಪಟ್ಟಿ ತೆಗೆದು, "ಎರಡೂ ಕೈ ಚಾಚಮ್ಮ, ಅಳತೆ ತಗೋತೀನಿ" ಎಂದರು. ಅವಳು ತೋಳುಗಳನ್ನು ಅಗಲಕ್ಕೆ ಚಾಚಿ ನಿಂತಳು. ಎದುರಿನ ಕನ್ನಡಿಯಲ್ಲಿ ತನ್ನನ್ನೇ ನೋಡಿಕೊಂಡಳು, ತಾನೇ ಔಟ್ ಎಂದು ತೀರ್ಪು ಕೊಡುತ್ತಿರುವಂತೆ. "ನೋಡಿ ಮಾಮ, ನನ್ನ ಕೈಯಲ್ಲೇ ಹೇಳಿಸ್ತಿದ್ದೀರಾ!" ಎಂದು ನಕ್ಕಳು, ನಗುತ್ತಲೇ ಅತ್ತಳು. ಅವಳು ಅಳುವಷ್ಟು ಹೊತ್ತೂ ಗೆರೆಮಾಮ ಪಟ್ಟಿ ಹಿಡಿದು ಕಾದರು. ಆಮೇಲೆ ಭುಜದ ಅಳತೆ ತೆಗೆದುಕೊಂಡರು. ಅವಳು ಮತ್ತೆ ಆಡಿದಳು, ಗೆದ್ದಳು, ಸೋತಳು; ಎಲ್ಲೇ ಆಡಲಿ, ಆ ಕೋಟು ಮಾತ್ರ ಅವರಿಂದಲೇ ರಿಪೇರಿಯಾಗುತ್ತಿತ್ತು.

ಕಂಡದ್ದನ್ನು ಕಂಡ ಹಾಗೆ ಹೇಳುವವರು ದೊಡ್ಡವರೆಂದು ನಾವು ಹೊಗಳುತ್ತೇವೆ. ಅಂಥವರು ಊರಿಗೆ ನಾಲ್ಕು ಜನ ಸಿಕ್ಕಾರು. ಕಾಣದ್ದನ್ನೂ ಕಂಡಂತೆ ಹೇಳುವ ನನ್ನಂಥವರು ಬೀದಿಗೆ ನಾಲ್ಕು ಜನ. ಆದರೆ ಪ್ರೀತಿಯೇ ಮುಂದೆ ನಿಂತು, ಸ್ವಲ್ಪ ಕೈ ಎತ್ತು, ಎಲ್ಲರಿಗೂ ಒಳ್ಳೆಯದಾಗುತ್ತದೆ ಎಂದು ಬೇಡುವಾಗ, ತನ್ನ ದೃಷ್ಟಿ ಎಲ್ಲಿಗೆ ಮುಗಿಯಿತೋ ಅಲ್ಲಿ ಗೆರೆ ಎಳೆದು, ಆ ಗೆರೆಯ ಈಚೆಗೇ ಕುಳಿತುಕೊಳ್ಳುವವರು ಬೇರೆಯೇ ಜಾತಿ. ಅಂಥವರಿಗೆ ಲೋಕ ಫೈನಲ್‌ನ ಕುರ್ಚಿ ಕೊಡುವುದಿಲ್ಲ. ಕೊಟ್ಟರೂ ಕೊನೆಯ ಗಳಿಗೆಯಲ್ಲಿ ಕಿತ್ತುಕೊಂಡು ನನ್ನಂಥವನಿಗೆ ಕೊಡುತ್ತದೆ. ಆದರೂ ಮನಸ್ಸು ನಿಜವಾಗಿ ನೊಂದ ದಿನ ನಾವೆಲ್ಲ ಹುಡುಕಿಕೊಂಡು ಹೋಗುವುದು ಅವರ ಅಂಗಡಿಯನ್ನೇ. ಅವರ ಬಳಿ ಸಮಾಧಾನ ಸಿಗದೆ ಹೋಗಬಹುದು, ಅಳತೆ ಮಾತ್ರ ತಪ್ಪುವುದಿಲ್ಲ.